ಸೀರೆ ಅಂಗಡಿಯ ಹೊರಗಿನ ಇತಿಹಾಸ

ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಗಂಡಸರಿಗೆಂದೇ ಮೂಲೆಯಲ್ಲೊಂದು ಸ್ಟೂಲು ಇರುತ್ತದೆ. ಅದರ ಮೇಲೆ ಮುಕ್ಕಾಲು ಗಂಟೆ ಕುಳಿತವನಿಗೆ ಆಮೇಲೆ ಪ್ರಪಂಚದಲ್ಲಿ ಯಾವುದೂ ನೀರಸವೆನಿಸುವುದಿಲ್ಲ, ಕೋಟೆ ಕೊತ್ತಲಗಳು ಕೂಡ. ಬೆಂಗಳೂರು ಪೇಟೆಯ ಚರಿತ್ರೆ ನನಗೆ ತಿಳಿದಿರುವುದೆಲ್ಲ ಹೀಗೆ ಅಂಗಡಿಯಿಂದ ನುಣುಚಿಕೊಂಡಾಗ ದಕ್ಕಿದ್ದು.

ನಾದಿನಿಯ ಮದುವೆ ಜವಳಿ ತೆಗೆಯಲು ಹೋದಾಗ ಜೊತೆಗೆ ಭಾವ ಇದ್ದರು. ಹೆಂಡತಿಯ ಅಣ್ಣ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಎಂಥ ಜನಜಂಗುಳಿಯಲ್ಲೂ ತೋಟದಲ್ಲಿ ಅಡ್ಡಾಡಿದಂತೆ ನಡೆಯುವವರು. ಅತ್ತೆ ಕೆನೆಬಣ್ಣದ ಸೀರೆಗಳನ್ನು ಹರವಿಸತೊಡಗಿದ ಕೂಡಲೇ ಭಾವ ಕಣ್ಸನ್ನೆ ಮಾಡಿದರು. ಕಾಫಿಯ ನೆಪ ಹೇಳಿ ಹೊರಬಿದ್ದೆವು.

ದೊಡ್ಡಪೇಟೆ ಎಂದರೆ ಇಂದಿನ ಅವೆನ್ಯೂ ರಸ್ತೆ. ಅದು ಚಿಕ್ಕಪೇಟೆಯನ್ನು ಸಂಧಿಸುವಲ್ಲಿ 1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರು ಎಂಬ ಪ್ರತೀತಿಯಿದೆ. ಭಾವ ಸುತ್ತಲೂ ನೋಡಿ, "ಇವತ್ತಾಗಿದ್ದರೆ ಎತ್ತು ತಿರುಗಿಸುವುದಕ್ಕೇ ಪೊಲೀಸರು ಬೇಕಾಗುತ್ತಿತ್ತು" ಎಂದರು.

ಅಲ್ಲಿಂದ ಮುಂದೆ ಪಠ್ಯಪುಸ್ತಕದ ಅಂಗಡಿಗಳ ನಡುವೆ ರೈಸ್ ಸ್ಮಾರಕ ಚರ್ಚ್ ಇದೆ. ದಿನವೂ ಆ ದಾರಿಯಲ್ಲಿ ಓಡಾಡುವವರು ಕೂಡ ತಲೆಯೆತ್ತಿ ನೋಡುವುದಿಲ್ಲ. ತಲೆಯೆತ್ತಿದರೆ ಸ್ಕೂಟರ್ ಗುದ್ದುತ್ತದೆ. ಬೆಂಜಮಿನ್ ಹೋಲ್ಟ್ ರೈಸ್ ಎಂಬ ಪಾದ್ರಿಗಳ ನೆನಪಿನದು. ಅವರ ಮಗ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಸಾವಿರಾರು ಶಾಸನಗಳನ್ನು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದವರು. ಇದನ್ನು ಕೇಳಿದ ಭಾವ ಗಂಭೀರವಾಗಿ, "ಅಷ್ಟು ಶಾಸನ ಓದುವ ಬಿಡುವು ಸಿಗಬೇಕಾದರೆ ಅವರ ಮನೆಯವರು ಎಷ್ಟು ಸೀರೆ ತೆಗೆದಿರಬೇಕು!" ಎಂದರು.

ಮಾರುಕಟ್ಟೆ ದಾಟಿ ಕೋಟೆಯ ದೆಹಲಿ ಬಾಗಿಲಿಗೆ ಬಂದೆವು. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯಲ್ಲಿ ಈಗ ಉಳಿದಿರುವುದು ಇಷ್ಟೇ. 1791ರ ಮಾರ್ಚ್ 21ರಂದು ಇಂಗ್ಲಿಷರು ಗೋಡೆ ಒಡೆದು ನುಗ್ಗಿದ ಜಾಗದಲ್ಲಿ ಒಂದು ಫಲಕವಿದೆ. ಕಾರ್ನ್‌ವಾಲಿಸನಿಗೆ ಪೇಟೆ ಮಾರ್ಚ್ 7ರಂದೇ ವಶವಾಗಿತ್ತು, ಕೋಟೆಗೆ ಮಾತ್ರ ಮತ್ತೆರಡು ವಾರ ಹಿಡಿಯಿತು ಎಂದೆ. ಭಾವ ನಂಬಲಿಲ್ಲ. ಪೇಟೆಗೆ ಹೊಕ್ಕವರು ಅಷ್ಟು ಬೇಗ ಕೆಲಸ ಮುಗಿಸಿದ್ದು ಅವರ ಅನುಭವಕ್ಕೆ ಹೊಂದುತ್ತಿರಲಿಲ್ಲ. ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು.

"ರೀ, ಎಲ್ಲಿದ್ದೀರಿ?"

"ದೆಹಲಿ ಬಾಗಿಲಲ್ಲಿ."

"ದೆಹಲಿಯಲ್ಲಾದರೂ ಇರಿ, ದಾವಣಗೆರೆಯಲ್ಲಾದರೂ ಇರಿ, ಬಿಲ್ಲು ಕಟ್ಟುವ ಹೊತ್ತಿಗೆ ಇಲ್ಲಿರಿ."

ಓಡಿದೆವು. ಪೇಟೆಯೊಳಗೆ ಬಟ್ಟೆ ಮೂಟೆ ಹೇರಿದ ಕೈಗಾಡಿಯೊಂದು "ಸೈಡ್, ಸೈಡ್!" ಎನ್ನುತ್ತಾ ನುಗ್ಗಿತು. "ಸೈಡು ಎಲ್ಲಿದೆ ಮಾರಾಯ?" ಎಂದು ಭಾವ ಕೇಳಿದ್ದು ನ್ಯಾಯವಾಗಿಯೇ ಇತ್ತು. ಉತ್ತರ ಬರುವ ಮೊದಲೇ ಅವರ ಪಂಚೆಯ ಅಂಚು ಮೂಟೆಯ ಹಗ್ಗಕ್ಕೆ ಸಿಕ್ಕಿಕೊಂಡಿತು. ಎಳೆಯುವವನ ಮುಖ ಮುಂದಕ್ಕೆ. ಹಿಂದೆ ಒಬ್ಬ ಅಡಿಕೆ ಬೆಳೆಗಾರರೂ ಲೋಡಿಗೆ ಸೇರಿದ್ದು ಅವನಿಗೆ ಗೊತ್ತಿಲ್ಲ. ಭಾವ ಒಂದು ಕೈಯಲ್ಲಿ ಸೊಂಟ, ಇನ್ನೊಂದು ಕೈಯಲ್ಲಿ ಮಾನ ಹಿಡಿದುಕೊಂಡು ಓಡಿದರು. ಬಳೆ ಅಂಗಡಿಯ ಹೆಂಗಸರು ಸರಿದು ದಾರಿ ಬಿಟ್ಟರು. ಗಾಡಿ ನಿಂತಾಗ ನಾವು ಬಳೇಪೇಟೆಯಲ್ಲಿದ್ದೆವು.

ಅಲ್ಲಿಯವರೆಗೆ ಬಂದು 1926ರಿಂದ ನಡೆಯುತ್ತಿರುವ ಉಡುಪಿ ಶ್ರೀಕೃಷ್ಣ ಭವನಕ್ಕೆ ಹೋಗದಿರುವುದು ಅನ್ನಕ್ಕೆ ಮಾಡುವ ಅವಮಾನ. ಅಲ್ಲಿನ ಸಾಗು ಮಸಾಲೆಯಲ್ಲಿ ಆಲೂಗೆಡ್ಡೆ ಪಲ್ಯದ ಬದಲು ಸಾಗು. ದೋಸೆ ಮುರಿದರೆ ಅಂಚು ಗರಿಗರಿ, ನಡುವೆ ಸಾಗು ಕುಡಿದು ಮೆತ್ತಗಾದ ಭಾಗ. ತಿನ್ನಬಲ್ಲವರು ಎರಡನ್ನೂ ಒಂದೇ ತುತ್ತಿಗೆ ತರುತ್ತಾರೆ. ಭಾವ ಆ ವಿದ್ಯೆ ಕರಗತ ಮಾಡಿಕೊಳ್ಳುವಷ್ಟರಲ್ಲಿ ಮೊಬೈಲ್ ಮತ್ತೆ ಬಡಿದುಕೊಂಡಿತು. ಕೈ ತೊಳೆಯುವ ಧೈರ್ಯ ಯಾರಿಗಿತ್ತು? ಕಾಗದಕ್ಕೆ ಒರೆಸಿಕೊಂಡು ಓಡಿದೆವು.

ಅಂಗಡಿಯೊಳಗೆ ಕಾಲಿಡುತ್ತಿದ್ದಂತೆ ಅತ್ತೆ, "ಜರಿ ನೋಡೋ, ಗಟ್ಟಿಯಿದೆಯಾ?" ಎಂದು ಸೆರಗನ್ನು ಮಗನ ಕೈಗೆ ಕೊಟ್ಟರು. ಭಾವ ಹಿಡಿದು ನೋಡಿದರು. ಜರಿ ಗಟ್ಟಿಯಿತ್ತು. ಕೆನೆಬಣ್ಣದ ಮೇಲೆ ಮೂರು ಬೆರಳು ಹಳದಿಯಾಗಿ ಮೂಡಿದವು.

"ಮದುವೆ ಸೀರೆಗೆ ಅರಿಶಿನ ತಾಗಿದರೆ ಶುಭವೇ ಅಲ್ಲವೇ ಅಮ್ಮ?" ಎಂದರು ಭಾವ, ಸ್ವಲ್ಪವೂ ಅಳುಕದೆ.

ಅತ್ತೆ ಬೆರಳನ್ನು ಮೂಸಿದರು. ಮಾಲೀಕರು ಮಾತಾಡದೆ ಬಿಲ್ ಪುಸ್ತಕದಲ್ಲಿ ಆ ಸೀರೆಯನ್ನೂ ಬರೆದುಕೊಂಡರು.