ಹಾಲಿನ ಡೈರಿಯಲ್ಲಿ ಸಿಕ್ಕ ಮಾತೃ ವಂದನೆ

ನನ್ನ ತಂಗಿ ಏಳು ತಿಂಗಳ ಗರ್ಭಿಣಿಯಾಗಿದ್ದಾಗಲೇ ಅವಳ ಗಂಡ, ನಮ್ಮ ಭಾವನ ಫೋನಿಗೆ ಮೊದಲ ಕರೆ ಬಂದಿತ್ತು. ಹೊಕ್ಕುಳ ಬಳ್ಳಿಯ ರಕ್ತ ಕಾಪಾಡಿಡುವ ಕಂಪನಿಯವರು. ಹೆರಿಗೆಯಾದ ನಾಲ್ಕನೇ ದಿನ ವಿಮೆಯವರು. ಒಂಬತ್ತನೇ ದಿನ ಫೋಟೊ ಸ್ಟುಡಿಯೋದವರು, ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ ಸೂರ್ಯಕಾಂತಿ ಹೂವಿನ ಟೋಪಿ ಹಾಕಿ ಫೋಟೊ ತೆಗೀತೀವಿ ಅಂತ. ಹದಿನೈದನೇ ದಿನ ಒಂದು ನರ್ಸರಿ ಶಾಲೆಯವರು. ಪಾಪ, ಅವರಿಗೆ ಮಾತ್ರ ಸ್ವಲ್ಪ ಅವಸರ ಜಾಸ್ತಿ.

ಇಷ್ಟು ಜನಕ್ಕೆ ಗೊತ್ತಾದ ಸುದ್ದಿ ಗೊತ್ತಾಗದೆ ಉಳಿದದ್ದು ಒಬ್ಬರಿಗೆ ಮಾತ್ರ. ಸರ್ಕಾರಕ್ಕೆ.

ಹಾಗಂತ ಮಗು ಹುಟ್ಟಿದ್ದು ಕಾಡಿನಲ್ಲಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ. ಸರ್ಕಾರಿ ಡಾಕ್ಟರು ಹೆರಿಗೆ ಮಾಡಿಸಿದರು. ಸರ್ಕಾರಿ ಕತ್ತರಿಯಲ್ಲಿ ಬಳ್ಳಿ ಕತ್ತರಿಸಿದರು. ಸರ್ಕಾರಿ ತಕ್ಕಡಿಯಲ್ಲಿ ತೂಗಿ ಸರ್ಕಾರಿ ರಿಜಿಸ್ಟರಿನಲ್ಲಿ ಎರಡು ಕೆಜಿ ಒಂಬೈನೂರು ಗ್ರಾಂ ಅಂತ ಬರೆದರು. ತಾಯಿ ಕಾರ್ಡಿನಲ್ಲಿ ಇನ್ನೊಂದು ಸಲ ಬರೆದರು. ಜನನ ನೋಂದಣಿಯ ಇ-ಜನ್ಮದಲ್ಲಿ ಮತ್ತೊಂದು ಸಲ ಹತ್ತಿಸಿದರು. ಆಮೇಲೆ ‘ನಗು-ಮಗು’ ಗಾಡಿಯಲ್ಲಿ ಕೂರಿಸಿ ಮನೆ ಬಾಗಿಲಿಗೆ ಬಿಟ್ಟು ಹೋದರು. ಗಾಡಿ ತಿರುವು ದಾಟಿದ್ದೇ ತಡ, ಸರ್ಕಾರಕ್ಕೆ ಎಲ್ಲವೂ ಮರೆತುಹೋಯಿತು. ಈಗ ಮಾತೃ ವಂದನಾ ಯೋಜನೆಯ ಹಣ ಬೇಕಾದರೆ ‘ಸ್ವಾಮಿ, ನನಗೆ ಮಗು ಆಗಿದೆ’ ಅಂತ ತಾಯಿಯೇ ಅರ್ಜಿ ಹಾಕಿ, ದಾಖಲೆ ಲಗತ್ತಿಸಿ ನಂಬಿಸಬೇಕು.

ಸರ್ಕಾರ ತಿಳಿಸೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಿಳಿಸುತ್ತದೆ, ಬಹಳ ಜೋರಾಗಿಯೇ ತಿಳಿಸುತ್ತದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಒಂದು ಬೋರ್ಡ್ ನೋಡಿದೆ. ಗರ್ಭಿಣಿಯರ ಯೋಜನೆಯದ್ದು. ಎಡಗಡೆ ಒಬ್ಬ ನಾಯಕರು, ಬಲಗಡೆ ಇನ್ನೊಬ್ಬರು, ಮಧ್ಯದಲ್ಲಿ ಅವರಿಬ್ಬರ ಹೆಗಲ ಸಂದಿಯಲ್ಲಿ ಅಂಚೆ ಚೀಟಿಯಷ್ಟು ದೊಡ್ಡ ತಾಯಿ-ಮಗು. ಯಾರಿಗೆ, ಎಷ್ಟು, ಎಲ್ಲಿ, ಯಾವಾಗ ಅನ್ನೋದು ಕೆಳಗಿನ ಸಾಲಿನಲ್ಲಿದೆ. ಅದನ್ನು ಓದಬೇಕಾದರೆ ಕಾರು ನಿಲ್ಲಿಸಬೇಕು. ಅಲ್ಲಿ ಕಾರು ನಿಲ್ಲಿಸುವ ಹಾಗಿಲ್ಲ. ಇನ್ನು ಆ ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬರುವ ಹಾಗೂ ಇಲ್ಲ. ನಮ್ಮ ಕಡೆ ಗರ್ಭಿಣಿಯರು ಚೆಕಪ್‌ಗೆ ಹೋಗೋದು ಆಟೋದಲ್ಲಿ, ಇಲ್ಲಾ ಗಂಡನ ಬೈಕಿನ ಹಿಂದೆ. ಅಂದರೆ ಆ ಬೋರ್ಡ್ ಯಾರಿಗಾಗಿ ಇದೆಯೋ ಅವರನ್ನು ಬಿಟ್ಟು ಉಳಿದ ಎಲ್ಲರಿಗೂ ಚೆನ್ನಾಗಿ ಕಾಣುತ್ತದೆ.

ಒಂದು ಕಾಲದಲ್ಲಿ ಹೀಗಿರಲಿಲ್ಲ. ಮಕ್ಕಳು ಬೇಡ ಅನ್ನೋದನ್ನು ಹೇಳುವಾಗ ಸರ್ಕಾರದ ನಾಲಿಗೆ ತುಂಬ ಚುರುಕಾಗಿತ್ತು. 1930ರಷ್ಟು ಹಿಂದೆಯೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು, ಜಗತ್ತಿನ ಬೇರೆ ಸರ್ಕಾರಗಳು ಆ ಮಾತು ಎತ್ತಲು ನಾಚುತ್ತಿದ್ದ ದಿನಗಳಲ್ಲಿ. ನಾವು ಚಿಕ್ಕವರಿದ್ದಾಗ ಕೆಂಪು ತ್ರಿಕೋನ ಇಲ್ಲದ ಗೋಡೆಯೇ ಇರಲಿಲ್ಲ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಅನ್ನೋದು ಅಕ್ಷರ ಬಾರದ ನಮ್ಮಜ್ಜಿಗೂ ಬಾಯಿಪಾಠ. ಎರಡೇ ಪದ, ಒಂದು ಗೋಡೆ, ಸ್ವಲ್ಪ ಸುಣ್ಣ. ಈಗ ಹೆತ್ತವರಿಗೆ ದುಡ್ಡು ಕೊಡ್ತೀವಿ ಅಂತ ಹೇಳಬೇಕಾಗಿ ಬಂದಾಗ ಗೋಡೆ ಹೋಗಿ ಪಿಡಿಎಫ್ ಬಂದಿದೆ.

ಮತ್ತೆ ನಾಮಕರಣ. ನಮ್ಮಲ್ಲಿ ಮಗುವಿಗೆ ಹೆಸರಿಡುವ ಮುಂಚೆ ಯೋಜನೆಗೆ ಹೆಸರು ಬಿದ್ದಿರುತ್ತದೆ. ಜನನಿ ಸುರಕ್ಷಾ, ಭಾಗ್ಯಲಕ್ಷ್ಮಿ, ಮಡಿಲು, ತಾಯಿ ಭಾಗ್ಯ, ಮಾತೃಪೂರ್ಣ, ಮಾತೃಶ್ರೀ, ಮಾತೃ ವಂದನಾ. ತೊಟ್ಟಿಲ ಹತ್ತಿರ ನಿಂತು ಇಷ್ಟನ್ನೂ ಮಗುವಿನ ಕಿವಿಯಲ್ಲಿ ಹೇಳಿದರೆ ಅದು ನಿದ್ದೆ ಹೋಗುತ್ತದೆ. ಇವುಗಳಲ್ಲಿ ಯಾವುದು ಬದುಕಿದೆ, ಯಾವುದು ನಿಂತಿದೆ, ಯಾವುದು ಇನ್ನೊಂದು ಹೆಸರಿನಲ್ಲಿ ಮರುಜನ್ಮ ಪಡೆದಿದೆ ಅಂತ ಕೇಳಿದರೆ ಸ್ವತಃ ಇಲಾಖೆಯವರೇ ಫೈಲ್ ತೆಗೆಯಬೇಕು. ಗರ್ಭಿಣಿ, ಬಾಣಂತಿಯರಿಗೆ ಹಣ ಕೊಡುವ ಮಾತೃ ವಂದನಾ ಅನ್ನೋದು ಕೇಂದ್ರದ್ದು, 2017ರಿಂದ ಇದೆ. ಹೆಸರಲ್ಲಿ ವಂದನೆ ಇದೆ, ನಿಜ. ಯಾರು ಯಾರಿಗೆ ವಂದಿಸಬೇಕು ಅನ್ನೋದು ಕೌಂಟರಿನ ಮುಂದೆ ನಿಂತಾಗ ಗೊತ್ತಾಗುತ್ತದೆ.

ಅದರ ಲೆಕ್ಕವೂ ಮಜವಾಗಿದೆ. 2013ರ ಆಹಾರ ಭದ್ರತೆ ಕಾಯ್ದೆ ಪ್ರತಿ ಗರ್ಭಿಣಿಗೂ 6,000ಕ್ಕೆ ಕಡಿಮೆಯಿಲ್ಲದ ಹಣ ಕೊಡಬೇಕು ಅಂತ ಹೇಳಿತು. ನಾಲ್ಕು ವರ್ಷದ ನಂತರ ಬಂದ ಯೋಜನೆ ಮೊದಲ ಮಗುವಿಗೆ 5,000 ಅಂದಿತು. ಉಳಿದ ಸಾವಿರ ಎಲ್ಲಿ ಅಂದರೆ, ಆಸ್ಪತ್ರೆಯಲ್ಲಿ ಹೆತ್ತವರಿಗೆ ಕೊಡುವ ಜನನಿ ಸುರಕ್ಷಾದ ಹಣ ಸೇರಿಸಿಕೊಳ್ಳಿ, ಸರಾಸರಿ ಆರು ಸಾವಿರ ಆಗುತ್ತದೆ ಅಂದರು. ಸರಿ, ಸೇರಿಸೋಣ. ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬದವರಿಗೆ ಜನನಿ ಸುರಕ್ಷಾದಲ್ಲಿ ಸಿಗೋದು ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600. ಹಾಗಾದರೆ ಭಾವನ ಊರು ಪಾಂಡವಪುರದ ಹಳ್ಳಿಯಲ್ಲಿ 5,700, ತಂಗಿಯ ತವರು ಮೈಸೂರಿನಲ್ಲಿ 5,600. ಉಳಿದ ಮುನ್ನೂರು, ನಾನೂರು ‘ಸರಾಸರಿ’ಯ ಪಾಲು. ಸರಾಸರಿ ಅನ್ನೋ ಆ ಮಹಾತಾಯಿ ಯಾವ ಊರಲ್ಲಿ ಹೆತ್ತಳೋ ಗೊತ್ತಿಲ್ಲ, ದುಡ್ಡು ಮಾತ್ರ ಅವಳಿಗೆ ಪೂರ್ತಿ ಸಿಕ್ಕಿದೆ.

ತಂಗಿಗೆ ಮೊದಲನೆಯದು ಗಂಡು. ಆ ಐದು ಸಾವಿರ ತಪ್ಪಿಹೋದ ಕಥೆಯಲ್ಲಿ ನಮ್ಮ ಭಾವನದ್ದೂ ಪಾಲಿದೆ. 570 ದಿನದೊಳಗೆ ಅರ್ಜಿ ಹಾಕಬೇಕು ಅಂತ ಯಾರೋ ಹೇಳಿದ್ದರು. ಭಾವ ಶಿಸ್ತಿನ ಮನುಷ್ಯ. ಮಗು ಹುಟ್ಟಿದ ದಿನದಿಂದ ಕ್ಯಾಲೆಂಡರಿನಲ್ಲಿ ಎಣಿಸಿ, 570ನೇ ದಿನಕ್ಕೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಇಟ್ಟಿದ್ದರು. ಕಬ್ಬು ಕಟಾವು ಮುಗಿಯಲಿ ಅಂತ ಕಾದು, 410ನೇ ದಿನ ಕಚೇರಿಗೆ ಹೋದರು. ಇನ್ನೂ ನೂರರವತ್ತು ದಿನ ಇದೆ ಅನ್ನೋ ಧೈರ್ಯ. ‘ನಿಮ್ಮದು ಆಗಲೇ ನಾಲ್ಕು ತಿಂಗಳ ಹಿಂದೆ ಮುಗಿದಿದೆಯಲ್ಲ’ ಅಂದರು ಅಲ್ಲಿದ್ದವರು. ಸರ್ಕಾರದ ಪಂಚಾಂಗ ಮಗು ಹುಟ್ಟಿದ ದಿನದಿಂದ ಶುರುವಾಗೋದಿಲ್ಲವಂತೆ. ತಾಯಿಯ ಕೊನೆಯ ಮುಟ್ಟಿನ ದಿನದಿಂದ ಶುರುವಾಗುತ್ತದಂತೆ. ಭಾವ ಮೊದಲು ನಾಚಿದರು, ಆಮೇಲೆ ಸಿಟ್ಟಾದರು. ‘ಅಲ್ಲಾ ಸಾರ್, ಆ ದಿನ ನಂಗೆಂಗೆ ಗೊತ್ತಾಗಬೇಕು?’ ಅಂತ ಕೇಳಿದರಂತೆ. ‘ತಾಯಿ ಕಾರ್ಡಲ್ಲಿ ನಾವೇ ಬರೆದಿರ್ತೀವಲ್ರೀ’ ಅನ್ನೋದು ಉತ್ತರ. ಗೊತ್ತಾಯ್ತಲ್ಲ? ದಿನ ಅವರಿಗೆ ಗೊತ್ತಿದೆ, ಬರೆದವರೂ ಅವರೇ. ತಡವಾದದ್ದು ಮಾತ್ರ ನಮ್ಮದು. ಮೊದಲು ಈ ಗಡುವು 730 ದಿನ ಇತ್ತು. ಅದನ್ನು 570ಕ್ಕೆ ಇಳಿಸಿದ್ದನ್ನು ಯಾವ ಹೋರ್ಡಿಂಗಿನಲ್ಲೂ ನಾನು ಕಾಣಲಿಲ್ಲ.

ಅದಕ್ಕೂ ಮೊದಲು ತವರುಮನೆ ಗಲಾಟೆ ಒಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಅಂತ ನಮ್ಮ ಕಡೆ ಎಷ್ಟು ತಲೆಮಾರಿನಿಂದ ನಡೆದು ಬಂದಿದೆಯೋ ಯಾರಿಗೂ ಗೊತ್ತಿಲ್ಲ. ಕಂಪ್ಯೂಟರಿಗೂ ಗೊತ್ತಿಲ್ಲ. ತಾಯಿ ಕಾರ್ಡ್ ಗಂಡನ ಊರಿನದ್ದು, ಹೆರಿಗೆ ಮೈಸೂರಿನಲ್ಲಿ, ಆಧಾರ್‌ನಲ್ಲಿ ತಂದೆ ಹೆಸರು, ಪಡಿತರ ಚೀಟಿಯಲ್ಲಿ ಗಂಡನ ಹೆಸರು. ಇಲ್ಲಿನ ಅಂಗನವಾಡಿಗೆ ಹೋದರೆ ‘ನಿಮ್ಮದು ಅಲ್ಲಿ ಬರುತ್ತೆ ಅಮ್ಮಾ’. ಅಲ್ಲಿಗೆ ಹೋದರೆ ‘ಇಂಜೆಕ್ಷನ್ ಎಲ್ಲಾ ಮೈಸೂರಲ್ಲೇ ಹಾಕಿಸಿದೀಯ, ಅಲ್ಲೇ ಕೇಳವ್ವ’. ಮೂರು ತಿಂಗಳ ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಮೈಸೂರು–ಪಾಂಡವಪುರ ಬಸ್ಸಿನಲ್ಲಿ ಓಡಾಡಿದಳು. ಅಂಗನವಾಡಿ ಅಕ್ಕನನ್ನು ಬೈಯಲು ನನಗೆ ಮನಸ್ಸಿಲ್ಲ. ಅವರ ಕೈಗೆ ಕೊಟ್ಟಿರುವ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್ ಇದೆ, ಬಾಣಂತಿಗೆ ಆಹಾರದ ಪೊಟ್ಟಣ ಕೊಡುವ ಮುಂಚೆ ಅವಳ ಮುಖವನ್ನು ಫೋನಿಗೆ ತೋರಿಸಬೇಕು. ನೆಟ್‌ವರ್ಕ್ ಸಿಗಲಿ ಅಂತ ಅಂಗನವಾಡಿ ಮುಂದಿನ ಹೊಂಗೆ ಮರದ ಕೆಳಗೆ ಬಾಣಂತಿಯರು ಸಾಲಾಗಿ ನಿಂತು ಫೋನಿಗೆ ಮುಖ ಕೊಡುತ್ತಾರೆ. ಸರ್ಕಾರದ ಹತ್ತಿರ ಅವಳ ಮುಖವೂ ಇದೆ. ಮಗು ಆಗಿದೆ ಅನ್ನೋದೊಂದು ಬಿಟ್ಟು ಎಲ್ಲಾ ಇದೆ.

ಹಾಗಾದರೆ ಎರಡನೇ ಸಲ ಹೇಗೆ ಗೊತ್ತಾಯ್ತು? ಹಾಲಿನ ಡೈರಿಯಲ್ಲಿ.

ಎರಡನೆಯದು ಹೆಣ್ಣು. ಬೆಳಿಗ್ಗೆ ಹಾಲು ಹಾಕಲು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ಹೆಂಗಸು ಕೇಳಿದರಂತೆ: ‘ಯಾಕವ್ವ, ಎರಡ್ನೇದು ಹೆಣ್ಣಾದ್ರೆ ಆರ್ ಸಾವ್ರ ಬತ್ತದಂತಲ್ಲ, ನಿಂಗಿನ್ನೂ ಬಂದಿಲ್ವಾ?’ ನಿಜ. 2022ರ ಏಪ್ರಿಲ್‌ನಿಂದ ಎರಡನೇ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000 ಇದೆ, ಹುಟ್ಟಿದ 270 ದಿನದೊಳಗೆ ಕೇಳಬೇಕು. ಈ ಸಲ ಹುಟ್ಟಿದ ದಿನದಿಂದಲೇ ಎಣಿಕೆ. ಭಾವ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಡೈರಿಯಲ್ಲೇ ಗೊತ್ತಾದದ್ದರಲ್ಲಿ ಆಶ್ಚರ್ಯವಿಲ್ಲ ಬಿಡಿ. ಅಲ್ಲಿ ಹಾಲು ಸುರಿದ ಮರುಕ್ಷಣ ಎಷ್ಟು ಲೀಟರು, ಎಷ್ಟು ಫ್ಯಾಟು ಅಂತ ಚೀಟಿ ಬರುತ್ತದೆ. ನಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಬಿಲ್ಲೆ ಇದೆ. ಅದು ಕರು ಹಾಕಿದ ಸುದ್ದಿ ಡಾಕ್ಟರಿಗೆ ನಾವು ಹೇಳುವ ಮುಂಚೆ ತಲುಪಿತ್ತು. ತಂಗಿಗೂ 12 ಅಂಕಿ ಇದೆ. ಕಿವಿಯಲ್ಲಿ ಓಲೆ ಹಾಕಿಕೊಂಡು ತಪ್ಪು ಮಾಡಿದಳು.

ಇಲ್ಲಿ ಒಂದು ಮಾತು ನಗದೆ ಹೇಳಬೇಕು. ಈ ಆರು ಸಾವಿರ ಸುಮ್ನೆ ಬಂದದ್ದಲ್ಲ. ಹೆಣ್ಣು ಮಗು ಬೇಡ ಅನ್ನುವವರ ಮನಸ್ಸು ತಿರುಗಲಿ ಅಂತ ತಂದದ್ದು. ಅದು ಮೊದಲು ಮುಟ್ಟಬೇಕಾದ ಜಿಲ್ಲೆ ಯಾವುದು ಅಂದರೆ ನಮ್ಮದೇ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಪೊಲೀಸರಿಗೆ ಸಿಕ್ಕಿತು. ಬೆಲ್ಲ ಕುದಿಯುವ ಜಾಗದಲ್ಲಿ ಸ್ಕ್ಯಾನಿಂಗ್. 1994ರ ಕಾಯ್ದೆ ಬೇಡ ಅಂದ ಕೆಲಸ, ಜೈಲಿಗೆ ಹಾಕುವ ಕೆಲಸ. ಅದಕ್ಕೆ ಹೋರ್ಡಿಂಗ್ ಇರಲಿಲ್ಲ, ಜಾಲತಾಣ ಇರಲಿಲ್ಲ, ಸಹಾಯವಾಣಿ ಇರಲಿಲ್ಲ. ಆದರೂ ಬೇಕಾದವರಿಗೆ ಬೇಕಾದ ತಿಂಗಳಲ್ಲಿ ಸರಿಯಾದ ವಿಳಾಸ ತಲುಪುತ್ತಿತ್ತು. ಹೆಣ್ಣನ್ನು ಕಳೆಯುವ ದಾರಿ ಊರಿಗೆ ಗೊತ್ತಿತ್ತು, ಉಳಿಸಿಕೊಂಡರೆ ಸಿಗುವ ಹಣ ಗೊತ್ತಿರಲಿಲ್ಲ.

ಹೊರದೇಶದಲ್ಲಿ ಚೆನ್ನಾಗಿ ಮಾಡ್ತಾರೆ ಅನ್ನುವ ಅಭ್ಯಾಸ ನಮಗಿದೆಯಲ್ಲ, ಅದಕ್ಕೂ ಒಂದು ಉತ್ತರ ಇದೆ. ಬ್ರಿಟನ್ನಿನಲ್ಲಿ ಮಕ್ಕಳ ಭತ್ಯೆಯ ಅರ್ಜಿಯನ್ನು ಹೆರಿಗೆ ವಾರ್ಡಿನಲ್ಲೇ ತಾಯಂದಿರ ಕೈಗೆ ಕೊಡಲು ಬೌಂಟಿ ಅನ್ನೋ ಖಾಸಗಿ ಕಂಪನಿಗೆ ಸರ್ಕಾರ ದುಡ್ಡು ಕೊಡುತ್ತಿತ್ತು. ಡೈಪರು, ಕ್ರೀಮು, ಕೂಪನ್ನು ತುಂಬಿದ ಚೀಲದೊಳಗೆ ಸರ್ಕಾರದ ಅರ್ಜಿ. ಕಂಪನಿಯವರು ಅರ್ಜಿ ಕೊಟ್ಟರು, ಹಾಗೇ ತಾಯಂದಿರ ಹೆಸರು, ವಿಳಾಸವನ್ನೂ ತೆಗೆದುಕೊಂಡರು. ಒಂದೂವರೆ ಕೋಟಿ ಹತ್ತಿರದ ಜನರ ವಿವರ ಬೇರೆಯವರಿಗೆ ಹಂಚಿದ್ದಕ್ಕೆ 2019ರಲ್ಲಿ 4 ಲಕ್ಷ ಪೌಂಡ್ ದಂಡ ಬಿತ್ತು. ಅಲ್ಲಿ ಸರ್ಕಾರದ ಅರ್ಜಿ ಕಂಪನಿಯ ಚೀಲದಲ್ಲಿ ಬಂತು. ನಮ್ಮಲ್ಲಿ ಕಂಪನಿಯ ಫೋನು ಮಾತ್ರ ಬರುತ್ತದೆ, ಅರ್ಜಿ ಬರೋದಿಲ್ಲ. ಅಷ್ಟೇ ವ್ಯತ್ಯಾಸ.

ತಂಗಿ ಅರ್ಜಿ ಹಾಕಿದಳು. ಹುಟ್ಟಿದ 203ನೇ ದಿನ. ಓಟಿಪಿ ಹೋದದ್ದು ಆಧಾರ್‌ಗೆ ಕೊಟ್ಟಿದ್ದ ಹಳೇ ನಂಬರಿಗೆ. ಆ ಸಿಮ್ ಕಾಲೇಜು ದಿನಗಳಲ್ಲೇ ಕಳೆದುಹೋಗಿತ್ತು. ಅದನ್ನು ಸರಿಮಾಡಿಸಲು ಮೂರು ವಾರ. ಆಮೇಲೆ ಒಂದು ದಿನ ಇಂಗ್ಲಿಷಿನಲ್ಲಿ ಮೆಸೇಜ್ ಬಂತು. ಹಣ ಜಮಾ ಆಗಿದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಏನೂ ಇಲ್ಲ. ಬ್ಯಾಂಕಿನವರು ಹೇಳಿದರು: ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗಿರುತ್ತದೆ. ಅದು ಯಾವುದು? ಪಿಯುಸಿಯಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆಗೆಸಿದ್ದ ಖಾತೆ. ಮಾತೃ ವಂದನೆಯ ಆರು ಸಾವಿರ ಒಬ್ಬ ಹದಿನೇಳು ವರ್ಷದ ಹುಡುಗಿಯ ಖಾತೆಯಲ್ಲಿ ಹಾಯಾಗಿ ಕೂತಿತ್ತು. ಆ ಬ್ಯಾಂಕೂ ಈಗ ಇನ್ನೊಂದು ಬ್ಯಾಂಕಿನೊಳಗೆ ಮದುವೆಯಾಗಿ ಹೋಗಿದೆ. ಅದರ ದಾಖಲೆಯಲ್ಲೂ ತವರಿನ ಹೆಸರೇ ಇದೆಯಂತೆ.

ಕೊನೆಗೂ ದುಡ್ಡು ಕೈಗೆ ಬಂದ ಮೇಲೆ ಒಂದು ಬೆಳಿಗ್ಗೆ, ಡೈರಿ ಸಾಲಿನಲ್ಲಿರುವಾಗಲೇ, ಅವಳಿಗೆ ಫೋನ್ ಬಂತು. ರೆಕಾರ್ಡ್ ಮಾಡಿದ ಧ್ವನಿ. ‘ನಮಸ್ಕಾರ. ಈ ಯೋಜನೆಯ ಬಗ್ಗೆ ನಿಮಗೆ ಹೇಗೆ ತಿಳಿಯಿತು? ಹೋರ್ಡಿಂಗ್‌ನಿಂದ ಆದರೆ ಒಂದನ್ನು ಒತ್ತಿ. ಟಿವಿಯಿಂದ ಆದರೆ ಎರಡನ್ನು ಒತ್ತಿ. ಪತ್ರಿಕೆಯಿಂದ ಆದರೆ ಮೂರನ್ನು ಒತ್ತಿ. ಇತರೆ ಆದರೆ ನಾಲ್ಕನ್ನು ಒತ್ತಿ.’ ಒಂದು ಕೈಯಲ್ಲಿ ಕ್ಯಾನು, ಕಂಕುಳಲ್ಲಿ ಮಗು. ಹೇಗೋ ನಾಲ್ಕನ್ನು ಒತ್ತಿದಳು. ‘ಕ್ಷಮಿಸಿ, ನಿಮ್ಮ ಆಯ್ಕೆ ಸರಿಯಾಗಿಲ್ಲ. ನಮಸ್ಕಾರ. ಈ ಯೋಜನೆಯ ಬಗ್ಗೆ...’ ಮತ್ತೆ ನಾಲ್ಕು. ಮತ್ತೆ ನಮಸ್ಕಾರ. ಅಷ್ಟರಲ್ಲಿ ಅವಳ ಸರದಿ ಬಂತು, ಹಿಂದಿನವರು ‘ಸುರಿಯವ್ವ ಬಿರ್‍ರನೆ’ ಅಂದರು. ಒಂದನ್ನು ಒತ್ತಿ ಹಾಲು ಸುರಿದಳು.

ಹೋದ ವಾರ ಮೈಸೂರಿಗೆ ಬರುವಾಗ ನೋಡಿದೆ. ಶ್ರೀರಂಗಪಟ್ಟಣದ ಹತ್ತಿರ ಆ ಬೋರ್ಡಿನ ಪಕ್ಕದಲ್ಲಿ ಎರಡನೇ ಬೋರ್ಡಿಗೆ ಕಂಬ ನೆಡುತ್ತಿದ್ದರು.