ಲೆಕ್ಕದಲ್ಲಿ ಸೊನ್ನೆ, ಗಾಳಿಯಲ್ಲಿ 13,000 ಟನ್

2010ರಿಂದೀಚೆಗೆ ಭೂಮಿಯ ಮೇಲೆ ಯಾರೂ ಓಝೋನ್ ಪದರ ತಿನ್ನುವ ಸಿಎಫ್‌ಸಿ-11 ಎಂಬ ಅನಿಲ ತಯಾರಿಸಿಲ್ಲ. ನಂಬಿಕೆ ಬಾರದಿದ್ದರೆ, ಇಂಥ ಅನಿಲಗಳನ್ನು ನಿಲ್ಲಿಸಲೆಂದೇ ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದಡಿ ದೇಶಗಳು ವರ್ಷವರ್ಷ ಕಳಿಸುವ ಲೆಕ್ಕ ತೆರೆದು ನೋಡಿ: ಸೊನ್ನೆ, ಇಲ್ಲವೇ ಸೊನ್ನೆಯ ಪಕ್ಕದ ಮನೆ. ಕಾವಲಿಯಿಂದ ಆಗಷ್ಟೇ ಎಬ್ಬಿಸಿದ ದೋಸೆಯಷ್ಟು ಗುಂಡಗಿವೆ. ಫಾರಂ ತುಂಬಲು ಬಾರದ್ದು ಗಾಳಿಗೆ ಮಾತ್ರ.

ಹವಾಯಿಯ ಮೌನಾ ಲೋವಾ ಸೇರಿ ಹಲವು ಕಡೆ ಗಾಳಿ ಹಿಡಿದು ಅಳೆಯುವವರಿದ್ದಾರೆ. 2012ರ ಸುಮಾರಿಗೆ ಗಾಳಿಯ ಲಕ್ಷ ಕೋಟಿ ಅಣುಗಳಲ್ಲಿ ಇನ್ನೂರಮೂವತ್ತು ಚಿಲ್ಲರೆ ಈ ಅನಿಲದ್ದಾಗಿದ್ದವು. ಅದು ವರ್ಷಕ್ಕೆ ಎರಡರಂತೆ ಇಳಿಯುತ್ತಿತ್ತು. 2012ರ ಬಳಿಕ ಇಳಿತದ ವೇಗ ಅರ್ಧಕ್ಕೆ ಬಂತು. ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 13,000 ಟನ್ ಹೆಚ್ಚುವರಿಯಾಗಿ ಗಾಳಿಗೆ ಸೇರುತ್ತಿತ್ತು. 2018ರಲ್ಲಿ ಇದು ಪ್ರಕಟವಾದಾಗ 'ಹಳೆ ಕಟ್ಟಡ, ಹಳೆ ಫ್ರಿಜ್ ಒಡೆದಾಗ ಸೋರಿದ್ದಿರಬೇಕು' ಎಂಬ ಸಮಾಧಾನವೂ ಇತ್ತು. ಹಾಗಿದ್ದರೆ ಜಗತ್ತಿನ ಗುಜರಿಯವರೆಲ್ಲ 2012ರಲ್ಲಿ ಒಂದೇ ಮುಹೂರ್ತ ನೋಡಿ ಸುತ್ತಿಗೆ ಎತ್ತಿರಬೇಕು!

ಮರುವರ್ಷ ಕೊರಿಯಾದ ಗೋಸಾನ್, ಜಪಾನಿನ ಹತೆರುಮಾ ಕೇಂದ್ರಗಳ ಅಳತೆ ಹಿಡಿದು ಗಾಳಿ ಬಂದ ದಾರಿಯನ್ನು ಹಿಂದಕ್ಕೆ ಹುಡುಕಿದರು. ಹೆಚ್ಚಳದಲ್ಲಿ ಸುಮಾರು 7,000 ಟನ್ ಪೂರ್ವ ಚೀನಾದ್ದು, ಮುಖ್ಯವಾಗಿ ಶಾನ್‌ಡಾಂಗ್, ಹೆಬೆಯ್ ಪ್ರಾಂತ್ಯಗಳ ಸುತ್ತಿನದು.

ಈ ಅನಿಲ ಬಳಸಿ ಫೋಮ್ ಮಾಡುವ ಕಸುಬು ಸರಳ. ಪಾಲಿಯೋಲ್ ಎಂಬ ದ್ರವಕ್ಕೆ ಐಸೊಸಯನೇಟ್ ಎಂಬ ಇನ್ನೊಂದನ್ನು ಬೆರೆಸಿದರೆ ಬಿಸಿಯೇಳುತ್ತದೆ. 24 ಡಿಗ್ರಿಗೇ ಕುದಿಯುವ ಸಿಎಫ್‌ಸಿ-11 ಆ ಬಿಸಿಗೆ ಆವಿಯಾಗಿ ಮಿಶ್ರಣವನ್ನು ಹುದುಗಿದ ಇಡ್ಲಿ ಹಿಟ್ಟಿನಂತೆ ಉಬ್ಬಿಸುತ್ತದೆ. ಫ್ರಿಜ್ಜಿನ, ಗೋಡೆಯ ಶಾಖ ತಡೆಯುವ ಫೋಮ್ ಸಿದ್ಧ. ಒಂದಷ್ಟು ಅನಿಲ ಆಗಲೇ ಹಾರಿಹೋಗುತ್ತದೆ, ಉಳಿದದ್ದು ಗುಳ್ಳೆಗಳೊಳಗೆ ಕೂತು ದಶಕಗಟ್ಟಲೆ ಸೋರುತ್ತದೆ. ಬದಲಿಯಾಗಿ ಬಂದ ಎಚ್‌ಸಿಎಫ್‌ಸಿ-141ಬಿಗೆ ಕೋಟಾ ಬಿತ್ತು, ಬೆಲೆ ಏರಿತು. ನಿಷೇಧಿತ ಮಾಲೇ ಅಗ್ಗ, ಫೋಮೂ ಚೆನ್ನಾಗಿ ಉಬ್ಬುತ್ತದೆ. ಓಝೋನ್ ಪದರ ಗಿರಾಕಿಯಲ್ಲವಲ್ಲ, ಅಂಗಡಿಗೆ ಬಂದು ಜಗಳ ತೆಗೆಯಲು.

2019ರ ಹೊತ್ತಿಗೆ ಹೆಚ್ಚಳ ಬಹುಪಾಲು ಕರಗಿತು. ಅಂದರೆ, ಯಾರೂ ತಯಾರಿಸದ ಅನಿಲವನ್ನು ತಯಾರಿಸುವುದನ್ನು ಯಾರೋ ನಿಲ್ಲಿಸಿದರು. ಮೇಲೆ ಹೋದದ್ದಕ್ಕೆ ಮಾತ್ರ ಅರ್ಧ ಶತಮಾನದ ಆಯುಸ್ಸು.

ಇಷ್ಟು ಕಷ್ಟಪಟ್ಟು ಸುಳ್ಳು ಹೇಳುವ ಅಗತ್ಯವೇ ಇರಲಿಲ್ಲ. ಬೇರೆ ರಾಸಾಯನಿಕಕ್ಕೆ ಕಚ್ಚಾವಸ್ತುವಾಗಿ ಪೂರ್ತಿ ಬಳಸಿದ ಸಿಎಫ್‌ಸಿಯನ್ನು ಒಪ್ಪಂದ 'ಉತ್ಪಾದನೆ' ಎಂದು ಎಣಿಸುವುದೇ ಇಲ್ಲ. ಅದೇ ಕುಟುಂಬದ ಸಿಎಫ್‌ಸಿ-113ಎ, 114ಎ, 115 ಮೂರೂ 2010ರಿಂದ 2020ರವರೆಗೆ ಗಾಳಿಯಲ್ಲಿ ಏರಿದವು. ಅನುಮಾನ ಹೋದದ್ದು ಸಿಎಫ್‌ಸಿಗೆ ಬದಲಿಯಾದ 'ಓಝೋನ್ ಸ್ನೇಹಿ' ಎಚ್‌ಎಫ್‌ಸಿ ಅನಿಲ ತಯಾರಿಸುವ ಕಾರ್ಖಾನೆಗಳ ಸೋರಿಕೆಯತ್ತ. ಇಲ್ಲಿ ಸೊನ್ನೆ ಬರೆಯುವಾಗ ಗುಮಾಸ್ತನ ಕೈಯೂ ನಡುಗಬೇಕಿಲ್ಲ.