ನಿಂತ ಕಾರಿನ ವೇಗ ಎಷ್ಟು?

ಮನೆಯ ಮುಂದೆ ಬೇವಿನ ಮರದ ಕೆಳಗೆ ಹ್ಯಾಂಡ್‌ಬ್ರೇಕ್ ಎಳೆದು, ಬೀಗ ಹಾಕಿ ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಪರಾರಿಯಾದರೆ ಅದಕ್ಕೆ ಅಪಘಾತ ಎನ್ನುತ್ತಾರೆ. ಆ ಮೇಲೆ ವಿಮಾ ಕಂಪನಿಯವರು ಕೇಳುವ ಪ್ರಶ್ನೆಗಳಿಗೆ ಏನೆನ್ನಬೇಕೋ ತಿಳಿಯದು.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಈಗ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡು, ಎಂಜಿನ್ನಿನ ಸದ್ದು ಕೇಳದಷ್ಟು ಜೋರಾಗಿ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಓಡಾಡುವ ಕಾಲ. ಅಂಥದೊಂದು ಟ್ರ್ಯಾಕ್ಟರು ಮಟಮಟ ಮಧ್ಯಾಹ್ನ ನಮ್ಮ ಓಣಿಗೆ ಏಕೆ ನುಗ್ಗಿತೋ ದೇವರಿಗೇ ಗೊತ್ತು. ತಿರುವಿನಲ್ಲಿ ಮೊದಲ ಟ್ರೇಲರ್ ಸಲೀಸಾಗಿ ಪಾರಾಯಿತು, ಎರಡನೆಯದು ನನ್ನ ಕಾರನ್ನು ಸವರಿಕೊಂಡು ಹೋಯಿತು. ಹಿಂದಿನ ಬಾಗಿಲು ಒಳಕ್ಕೆ ಹೋಗಿತ್ತು, ಬಂಪರ್ ನೇತಾಡುತ್ತಿತ್ತು, ಕನ್ನಡಿಯ ಸಂದಿಯಲ್ಲಿ ಒಂದು ಹಿಡಿ ರವದಿ ಸಿಕ್ಕಿಕೊಂಡಿತ್ತು.

ಸಾಕ್ಷಿಗಳಿಗೆ ಕೊರತೆಯಿಲ್ಲ. ಎದುರುಮನೆಯ ಕಾಕಾ ಎಲ್ಲವನ್ನೂ ಕಣ್ಣಾರೆ ಕಂಡಿದ್ದಾರೆ.

“ನಂಬರ್ ನೋಡಿದಿರಾ ಕಾಕಾ?”

“ನಂಬರ್ ಬಿಡು ತಮ್ಮಾ, ಹಿಂದೆ ಏನು ಬರೆದಿತ್ತು ಎನ್ನುವುದೇ ನೆನಪಿದೆ. ತಾಯಿಯ ಆಶೀರ್ವಾದ.”

ಈ ಜಿಲ್ಲೆಯಲ್ಲಿ ತಾಯಿಯ ಆಶೀರ್ವಾದವಿಲ್ಲದ ಟ್ರೇಲರ್ ಹುಡುಕುವುದೇ ಕಷ್ಟ. ಯಾವ ಹಾಡು ಹಚ್ಚಿದ್ದರು ಎಂಬುದು ಮಾತ್ರ ಇಡೀ ಓಣಿಗೆ ಗೊತ್ತು. ಪಕ್ಕದ ಮನೆಯ ಹುಡುಗ ಎರಡನೆಯ ಚರಣವನ್ನೂ ಹಾಡಿ ತೋರಿಸಿದ. ನೋಂದಣಿ ಕೆಎ 29 ಇತ್ತೋ, ಜಮಖಂಡಿಯ ಕೆಎ 48 ಇತ್ತೋ ಎಂದರೆ ಎಲ್ಲರೂ ಆಕಾಶ ನೋಡಿದರು. ಠಾಣೆಯಲ್ಲಿ ‘ಅಪರಿಚಿತ ವಾಹನ’ ಎಂದು ಬರೆಸಿ ಬಂದೆ.

ಕಚೇರಿಯ ವಕೀಲ ಮಿತ್ರರೊಬ್ಬರು ಧೈರ್ಯ ತುಂಬಿದರು. ಗುದ್ದಿ ಓಡಿಹೋದ ಪ್ರಕರಣಗಳಿಗೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಲ್ಲಿ ಪರಿಹಾರವಿದೆ, ಮೃತಪಟ್ಟರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ಎಂದರು. ಗಾಯವಾಗಿರುವುದು ಬಾಗಿಲಿಗೆ ಎಂದೆ. ಅವರು ಕಡತದೊಳಗೆ ತಲೆ ಹುದುಗಿಸಿದರು.

ಕೊನೆಗೆ ವಿಮಾ ಕಂಪನಿಗೆ ಫೋನ್ ಹಚ್ಚಿದೆ. ಆ ಕಡೆಯ ಹುಡುಗಿಯ ದನಿ ಬಹಳ ಇಂಪಾಗಿತ್ತು. ಅದಕ್ಕೇ ಸಿಟ್ಟು ತಡವಾಗಿ ಬಂತು.

“ಅಪಘಾತವಾದಾಗ ವಾಹನ ಚಲಾಯಿಸುತ್ತಿದ್ದವರು ಯಾರು ಸರ್?”

“ಯಾರೂ ಇಲ್ಲ. ಗಾಡಿ ನಿಂತಿತ್ತು.”

“ಸರಿ ಸರ್. ಚಾಲಕರ ಹೆಸರು?”

“ಚಾಲಕರೇ ಇರಲಿಲ್ಲ ತಂಗೀ.”

“ಆ ಜಾಗ ಖಾಲಿ ಬಿಟ್ಟರೆ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲ ಸರ್. ನಿಲ್ಲಿಸಿದವರು ಯಾರು?”

“ನಾನೇ. ಬೆಳಿಗ್ಗೆ.”

“ಹಾಗಾದರೆ ನೀವೇ ಚಾಲಕರು. ವಾಹನದ ವೇಗ ಎಷ್ಟಿತ್ತು?”

ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಕುಳಿತು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಿದ್ದೆ. ಅದನ್ನೂ ಹೇಳಿದೆ. ಸೊನ್ನೆ ಎಂದು ಬರೆದುಕೊಳ್ಳಿ ಎಂದೆ. ಕೀಲಿಮಣೆಯ ಸದ್ದು ಕೇಳಿಸಿತು, ನಂತರ ಒಂದು ನಿಟ್ಟುಸಿರು. ಸೊನ್ನೆಯನ್ನೂ ಸಿಸ್ಟಮ್ ತೆಗೆದುಕೊಳ್ಳುವುದಿಲ್ಲವಂತೆ. ಒಂದರಿಂದ ಮೇಲೆ ಯಾವುದಾದರೂ ಅಂಕಿ ಹೇಳಬೇಕಂತೆ. ಬೀಗ ಹಾಕಿದ ಕಾರು ಗಂಟೆಗೆ ಒಂದು ಕಿಲೋಮೀಟರ್ ಓಡಿದ್ದರೂ ಇಷ್ಟು ದಿನಗಳಲ್ಲಿ ಅದು ಹುನಗುಂದ ದಾಟಿ ಹೋಗುತ್ತಿತ್ತಲ್ಲವೇ ಎಂದು ಕೇಳಿದೆ. “ಹೌದು ಸರ್” ಎಂದಳು ಪಾಪ. ಅದೂ ಸಿಸ್ಟಮ್ಮಿನಲ್ಲಿ ದಾಖಲಾಯಿತೋ ಏನೋ. ವಾಹನದಲ್ಲಿದ್ದ ಪ್ರಯಾಣಿಕರ ಸಂಖ್ಯೆ, ಚಾಲಕ ಮದ್ಯ ಸೇವಿಸಿದ್ದನೇ ಎಂಬ ವಿಚಾರಣೆ, ಎದುರು ವಾಹನದ ನೋಂದಣಿ ಸಂಖ್ಯೆ, ಎಲ್ಲವೂ ಇನ್ನೂ ಬಾಕಿಯಿದ್ದವು. ಗುದ್ದಿದವನು ಸಿಗದಿದ್ದರೆ ಸಿಕ್ಕವನೇ ಆರೋಪಿ ಎಂಬಂತಿತ್ತು ಅದರ ಧಾಟಿ.

ಮುಂದಿನ ವಾರ ಸರ್ವೇಯರ್ ಬಂದರು. ಮಿತಭಾಷಿ. ಕಾರಿನ ಸುತ್ತ ಸುತ್ತಿ, ಬಾದಾಮಿಯ ಬಂಡೆಯ ಮೇಲಿನ ಶಾಸನ ಓದುವವರಂತೆ ಗೀರುಗಳ ಮೇಲೆ ಬೆರಳಾಡಿಸಿ, “ಇದು ಹಳೆಯದು, ಇದು ಹೊಸದು” ಎಂದು ಕಾಲನಿರ್ಣಯ ಮಾಡಿದರು. ಆಮೇಲೆ ಲೆಕ್ಕ ಹೇಳಿದರು. ಬಂಪರ್ ಪ್ಲಾಸ್ಟಿಕ್, ಆದ್ದರಿಂದ ಅರ್ಧ ಬೆಲೆ ಸವಕಳಿಗೆ. ಬಾಗಿಲು ತಗಡಿನದು, ಕಾರಿಗೆ ಮೂರು ವರ್ಷ ತುಂಬಿ ನಾಲ್ಕು ತುಂಬಿಲ್ಲ, ಶೇ. 25 ಕಡಿತ. ಸಣ್ಣ ಎಂಜಿನ್ನಿನ ಕಾರಾದ್ದರಿಂದ 1,000 ರೂಪಾಯಿಯನ್ನು ಕಡ್ಡಾಯವಾಗಿ ನಾನೇ ಭರಿಸಬೇಕು. ಇಷ್ಟಾಗಿ ಉಳಿದದ್ದನ್ನು ಪಡೆದರೆ, ಮೂರು ವರ್ಷ ಒಂದು ಪೈಸೆಯನ್ನೂ ಕೇಳದೆ ಗಳಿಸಿದ ಶೇ. 35ರ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಪೂರ್ತಿ ಹೋಗುತ್ತದೆ. ಸುಮ್ಮನಿದ್ದರೆ ಈ ಸಲ ಅದು ಶೇ. 45 ಆಗುತ್ತದೆ. ಅಂದರೆ ಯಾವನೋ ಗುದ್ದಿದ್ದಕ್ಕೆ ನಾನು ಸಭ್ಯ ಚಾಲಕನ ಪದವಿಯಿಂದ ಕೆಳಗಿಳಿಯಬೇಕು. ಇಲ್ಲಿ ಸೊನ್ನೆಯನ್ನು ಸಿಸ್ಟಮ್ ಧಾರಾಳವಾಗಿ ತೆಗೆದುಕೊಳ್ಳುತ್ತದೆ.

ನಾನು ಹುಟ್ಟಿದ್ದು ಹಳೆಯ ಬಾಗಲಕೋಟೆಯಲ್ಲಿ, ಈಗ ಆಲಮಟ್ಟಿಯ ಹಿನ್ನೀರು ನಿಲ್ಲುವ ಕಡೆ. ಅಲ್ಲಿನ ಓಣಿಯಲ್ಲಿ ಒಮ್ಮೆ ಚಕ್ಕಡಿಯೊಂದು ತಾಗಿ ನಮ್ಮ ಮನೆಯ ಕಟ್ಟೆಯ ಮೂಲೆ ಮುರಿದಿತ್ತು. ಯಾರ ಚಕ್ಕಡಿ ಎಂದು ಕೇಳುವ ಪ್ರಮೇಯವೇ ಇರಲಿಲ್ಲ, ಎತ್ತುಗಳ ಹೆಸರೂ ನಮಗೆ ಗೊತ್ತಿತ್ತು. ಸಂಜೆ ಅವನೇ ಗೌಂಡಿಯನ್ನು ಕರೆದುಕೊಂಡು ಬಂದ. ಅಪ್ಪ ಇಬ್ಬರನ್ನೂ ಬೈದು, ಇಬ್ಬರಿಗೂ ಚಹಾ ಕೊಡಿಸಿದರು. ನವನಗರದಲ್ಲಿ ರಸ್ತೆಗಳು ಅಗಲ, ಮನೆಗಳಿಗೆ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಫಾರ್ಮ್ ತುಂಬಲು ಬಹಳ ಅನುಕೂಲ.

ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟು, ಕ್ಲೇಮೇ ಬೇಡವೆಂದು ಕಾರನ್ನು ಗ್ಯಾರೇಜಿಗೆ ಒಯ್ದೆ. ಅಲ್ಲಿ ಅದೇ ಬದಿ, ಅದೇ ಎತ್ತರಕ್ಕೆ ಗೀರಿಸಿಕೊಂಡ ಕಾರುಗಳು ಸಾಲಾಗಿ ನಿಂತಿದ್ದವು. ಮಿಸ್ತ್ರಿ ನನ್ನ ವೇಗ ಕೇಳಲಿಲ್ಲ. “ಮುಂದಿನ ಟ್ರೇಲರೋ ಹಿಂದಿನದೋ ಸಾಹೇಬರೇ?” ಎಂದಷ್ಟೇ ಕೇಳಿದ.

ಕ್ಲೇಮ್ ಹಿಂಪಡೆಯುವುದೂ ಸುಮ್ಮನೆ ಆಗುವುದಿಲ್ಲವಂತೆ, ಅದಕ್ಕೂ ಒಂದು ಫಾರ್ಮ್ ಕಳಿಸಿದ್ದಾರೆ. ಚಾಲಕನ ಸಹಿ ಬೇಕು. ಕೆಳಗೆ ಸಾಕ್ಷಿಯ ಸಹಿಗೂ ಜಾಗವಿದೆ. ಕಾಕಾ ಆಗಲೇ ಚಾಳೀಸು ಹಾಕಿಕೊಂಡು ಬಂದು ಪೆನ್ನು ಕೇಳುತ್ತಿದ್ದಾರೆ.